ದಾಸವಾಳದ ಬುಡಕ್ಕೆ ಕೋಲಿಯಸ್

ಶ್ರಾವಣದ ಎರಡನೆಯ ಸೋಮವಾರ, ಸಂಜೆ ಐದೂವರೆಗೆ ಇದು ಶುರುವಾಯಿತು.

ಸವಣೂರಿನ ಈ ಬಾಡಿಗೆ ಮನೆಗೆ ನಾನು ಬಂದು ಆಗ ಒಂದು ವಾರ. ಅಂಗಳದ ತುಂಬ ಕಾಂಕ್ರೀಟು. ಮೂಲೆಯಲ್ಲಿ ಹಿಂದಿನ ಬಾಡಿಗೆಯವರು ಬಿಟ್ಟುಹೋದ ದೊಡ್ಡ ಸಿಮೆಂಟ್ ಕುಂಡ, ಅದರಲ್ಲೊಂದು ದಾಸವಾಳ. ಬುಡ ಬೋಳಾಗಿ ಕಾಣುತ್ತಿತ್ತು. ಅದರ ನೆರಳಿಗೆ ಕೆಂಪು ಎಲೆಯ ಕೋಲಿಯಸ್ ಕಡ್ಡಿಗಳನ್ನು ನೆಟ್ಟೆ. ಎರಡಕ್ಕೂ ನೀರು ಬೇಕು, ಕೋಲಿಯಸ್‌ಗೆ ನಡುಮಧ್ಯಾಹ್ನದ ಬಿಸಿಲು ಬೇಡ, ಹೊಂದಿಕೊಳ್ಳುತ್ತವೆ ಎಂದುಕೊಂಡೆ. ಬೇಗ ಒಣಗುವ ಅಂಚಿಗೆ ಮರಳು ಬೆರೆಸಿ, ಕೆಳಗೆ ಜೋತುಬೀಳಲೆಂದು ಟೇಬಲ್ ರೋಸ್ ಹಚ್ಚಿದೆ. ಕೈ ತೊಳೆಯುವಷ್ಟರಲ್ಲಿ ಕಂಕುಳಲ್ಲಿ ಕೂಸನ್ನೆತ್ತಿಕೊಂಡ ಒಬ್ಬಾಕೆ ಗೇಟು ತೆರೆದು ಬಂದಳು. ನನ್ನನ್ನು ನೋಡುವ ಮೊದಲು ಕುಂಡವನ್ನು ನೋಡಿದಳು.

"ಮೊದಲ ಈ ಮನ್ಯಾಗ ನಾವ ಇದ್ವಿರಿ ಅಕ್ಕಾರ. ಬುಡಕ ಆಳ ಅಗದೀರೇನ್ರಿ?"

"ಇಲ್ರಿ, ನಾಕ ಬೆರಳ ಅಷ್ಟ."

ಆಕೆ ಅಲ್ಲೇ ಮೆಟ್ಟಿಲ ಮೇಲೆ ಕುಳಿತಳು. ಕೂಸಿನ ಹೊಕ್ಕುಳಬಳ್ಳಿಯ ತುಂಡು ಉದುರಿದಾಗ ಅದನ್ನು ಯಾರೂ ತುಳಿಯದ ಮಣ್ಣಲ್ಲಿ ಹೂಳಬೇಕೆಂದು ಆಕೆಯ ಅತ್ತೆ ಹುಡುಕಿದರಂತೆ. ಈ ಮನೆಯಲ್ಲಿ ಮಣ್ಣು ಇದ್ದದ್ದು ಆ ಕುಂಡದಲ್ಲಿ ಮಾತ್ರ.

"ಹಂಗಾದ್ರ ಕುಂಡ ಒಯ್ರಿ," ಎಂದೆ.

"ಜವಳ ಆಗೂಮಟಾ ಕದಲಿಸಬಾರದಂತ್ರಿ. ಗಿಡ ಬಾಡಿದ್ರ ಕೂಸಿಗೆ ಆಗಿಬರೂದಿಲ್ಲಂತ. ಅತ್ತಿ ಕಾಟಕ್ಕಿಂತ ಈ ಗಿಡದ್ದ ಕಾಟ ಜಾಸ್ತಿ ಆಗೇತ್ರಿ ನನಗ," ಎಂದು ನಕ್ಕಳು. "ನೀವ ನೀರ ಹಾಕ್ರಿ. ನಾ ಹಾಲ ಕುಡಸ್ತೇನಿ."

ಜವಳವೆಂದರೆ ಕೂಸಿನ ಮೊದಲ ಕೂದಲು ತೆಗೆಸುವುದು. ಅದು ಯುಗಾದಿಯ ನಂತರ. ಅಲ್ಲಿಯವರೆಗೆ ಗಿಡ ಉಳಿಸುವುದಾಗಿ ಒಪ್ಪಿಕೊಂಡೆ.

ಈಗ ತಾನಿರುವ ಯಲವಿಗಿಯಿಂದ ಆಕೆ ಆಗಾಗ ಫೋನ್ ಮಾಡುತ್ತಿದ್ದಳು. ನೀರು, ಗೊಬ್ಬರ, ಮೊಗ್ಗುಗಳ ಲೆಕ್ಕ ಇಡುವುದು ನನ್ನ ರೂಢಿ. ದಿನಚರಿಯಲ್ಲಿ ಕೂಸಿನ ಜ್ವರಕ್ಕೂ ಒಂದು ಸಾಲು ಸೇರಿಸಿದೆ. ಜ್ವರ ಬಂದ ಎರಡು ಸಲವೂ ಮೊಗ್ಗು ಉದುರಿದ್ದವು. ಮೊಗ್ಗು ಉದುರಲು ಬಿಳಿ ಹಿಟ್ಟಿನಂಥ ಹುಳ ಸಾಕು ಎಂದು ಬೇವಿನೆಣ್ಣೆ ಹೊಡೆದೆ. ಮೂರನೆಯ ಸಲ ಬೆಳಗ್ಗೆ ನೋಡಿದರೆ ಮೊಗ್ಗೆಲ್ಲ ನೆಲದ ಮೇಲಿದ್ದವು, ಹುಳ ಒಂದೂ ಇರಲಿಲ್ಲ. ನಾನೇ ಫೋನ್ ಮಾಡಿ ಕೂಸು ಹೇಗಿದೆ ಎಂದು ಕೇಳಿದೆ.

"ಈಗಷ್ಟ ಮೈ ಮುಟ್ಟಿ ನೋಡಿದ್ನಿರಿ, ಕಾದೈತಿ. ನಿಮಗ ಯಾರ ಹೇಳಿದ್ರು?"

ಸಂಕ್ರಾಂತಿಯ ಹೊತ್ತಿಗೆ ಕೋಲಿಯಸ್ ನನ್ನ ಮೊಣಕಾಲು ದಾಟಿತ್ತು. ಟೇಬಲ್ ರೋಸ್ ನೆರಳು ಹೆಚ್ಚಾಗಿ ಸತ್ತಿತ್ತು. ದಾಸವಾಳದ ಎಲೆ ಹಳದಿಯಾಗಿ, ಹೊಸ ಚಿಗುರು ಬರುವುದು ನಿಂತಿತ್ತು. ನಾನು ಹಾಕಿದ ಗೊಬ್ಬರವೆಲ್ಲ ಕೋಲಿಯಸ್ ಪಾಲಾಗುತ್ತಿತ್ತು. ಇದನ್ನು ಆಕೆಗೆ ಹೇಳುವ ಧೈರ್ಯ ಬರಲಿಲ್ಲ. ಕೆಲವು ದಿನಗಳಲ್ಲಿ ಆಕೆಯೇ ಫೋನ್ ಮಾಡಿದಳು.

"ಕೂಸು ತಿಂದದ್ದ ಮೈಗೆ ಹತ್ತವಲ್ದರಿ ಅಕ್ಕಾರ. ಡಾಕ್ಟರ್ ಟಾನಿಕ್ ಕೊಟ್ಟಾರ. ಆದ್ರ ಕೂದಲಾ ಕೆಂಪಗ ಆಗಾಕತ್ತಾವು. ನಮ್ಮ ಮನಿತನದಾಗ ಯಾರಿಗೂ ಹಂಗ ಇಲ್ರಿ."

ಸೊರಗಿದ ಮಕ್ಕಳ ಕೂದಲು ಹಾಗಾಗುವುದುಂಟು ಎಂದು ನನಗೂ ಗೊತ್ತು. ಆದರೂ ಫೋನ್ ಇಟ್ಟು ನೇರ ಕುಂಡದ ಹತ್ತಿರ ಹೋದೆ. ಒಂದು ಕೋಲಿಯಸ್ ಹಿಡಿದು ಎಳೆದೆ. ಅದು ಬರಲಿಲ್ಲ, ಬದಲಿಗೆ ದಾಸವಾಳ ಬುಡಸಮೇತ ಅಲುಗಿತು. ಒಳಗೆ ಯಾರೋ ಎರಡನ್ನೂ ಒಂದೇ ಕೈಯಲ್ಲಿ ಹಿಡಿದುಕೊಂಡಂತೆ. ಬಿಟ್ಟುಬಿಟ್ಟೆ. ಕತ್ತರಿ ತಂದು ಕೋಲಿಯಸ್ಸನ್ನೆಲ್ಲ ಮಣ್ಣಿನ ಮಟ್ಟಕ್ಕೆ ಕತ್ತರಿಸಿದೆ.

ಇವತ್ತು ಕತ್ತರಿಸಿದಲ್ಲೆಲ್ಲ ಕೆಂಪು ಚಿಗುರು ಬಂದಿದೆ. ದಾಸವಾಳದಲ್ಲಿ ಉಳಿದಿರುವುದು ಐದು ಎಲೆ. ಯುಗಾದಿ ಇನ್ನೂ ದೂರವಿದೆ.

ಕೆಳಗೆ ಹೂಳಿದ್ದನ್ನು ಮುಟ್ಟದೆ ಕೋಲಿಯಸ್‌ನ ಬೇರನ್ನು ಸಾಯಿಸುವ ಬಗೆ ಯಾರಿಗಾದರೂ ಗೊತ್ತಿದ್ದರೆ ಬೇಗ ಬರೆಯಿರಿ. ಈಗ ಅದನ್ನು ಸಾಯಿಸಿದರೆ ಕೂಸಿಗೆ ಏನೂ ಆಗುವುದಿಲ್ಲವೇ ಎಂಬುದನ್ನು ಬಲ್ಲವರಿದ್ದರೆ, ಅವರು ಮೊದಲು ಬರೆಯಲಿ.