ಸೊಟ್ಟ ಗೆರೆಯ ಮೇಲಿನ ಹಕ್ಕಿ

ಅವರ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಯಾವಾಗಲೂ ಒಂದು ಬಿಳಿ ಗೆರೆ ಇರುತ್ತಿತ್ತು. ಅಕ್ಕಿ ನೆನೆಸಿ ಅರೆದ ಬಣ್ಣ. ಎಷ್ಟು ತೊಳೆದರೂ ಹೋಗುವುದಿಲ್ಲ ಎನ್ನುತ್ತಿದ್ದರು. ತೊಳೆದದ್ದನ್ನು ನಾನಂತೂ ನೋಡಿಲ್ಲ. ಅದೇ ಬೆರಳಿನಲ್ಲಿ ಎಲೆಗೆ ಸುಣ್ಣ ಸವರುತ್ತಿದ್ದರು, ಅದೇ ಕೈ ಬೀಸಿ ಬೀದಿ ನಾಯಿಯನ್ನೂ ನನ್ನನ್ನೂ ಒಂದೇ ಸಮ ಗದರುತ್ತಿದ್ದರು. ಸಾಗರದಲ್ಲಿ ನಮ್ಮದೂ ಅವರದೂ ಒಂದೇ ಗೋಡೆಯ ಎರಡು ಮನೆ. ನಾನು ಅವರನ್ನು ದೊಡ್ಡಮ್ಮ ಎನ್ನುತ್ತಿದ್ದೆ. ಅವರಿಗೆ ನಾನು ಬರೀ ‘ಕಂಡಕ್ಟ್ರ’.

ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ನನ್ನ ಕೆಲಸ. ಮೂರು ವರ್ಷದ ಹಿಂದೆ ಬಸ್ಸಿನ ಟಾಪಿಗೆ ಚೀಲ ಏರಿಸಿ ಇಳಿಯುವಾಗ ಏಣಿಯಿಂದ ಜಾರಿ ಬಲ ಭುಜದ ಮೇಲೆ ಬಿದ್ದೆ. ಕಾಲರ್‌ಬೋನ್ ಮುರಿಯಿತು. ಶಿವಮೊಗ್ಗದಲ್ಲಿ ಆಪರೇಷನ್ ಮಾಡಿ ಪ್ಲೇಟು ಹಾಕಿದರು. ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ಕೈ ತೂಗಿಸಿಕೊಂಡು ಮನೆಗೆ ಬಂದೆ. ಕೆಲವು ವಾರ ಕಳೆದು ಪಟ್ಟಿ ಬಿಚ್ಚಿದ ಡಾಕ್ಟರು, “ಎಲುಬು ಚೆನ್ನಾಗಿ ಕೂಡ್ತಾ ಇದೆ, ಇನ್ನು ಗೋಡೆ ಮೇಲೆ ಬೆರಳು ಹತ್ತಿಸ್ತಾ ದಿನಾ ಸ್ವಲ್ಪ ಸ್ವಲ್ಪ ಕೈ ಎತ್ತಿ” ಎಂದರು.

ನಾನು ಎತ್ತಲಿಲ್ಲ. ನೋವಿಗಿಂತ ಹೆದರಿಕೆಯೇ ಹೆಚ್ಚು. ಒಳಗಿನ ಪ್ಲೇಟು ಕಿತ್ತು ಬಂದರೆ? ಆದರೆ ಕಂಡಕ್ಟರನ ಅನ್ನ ಇರುವುದು ಬಸ್ಸಿನೊಳಗೆ ತಲೆಯ ಮೇಲಿರುವ ಕಂಬಿಯಲ್ಲಿ. ಅದನ್ನು ಹಿಡಿಯಲಾರದವನು ಪ್ರತಿ ತಿರುವಿನಲ್ಲೂ ಯಾರದಾದರೂ ಮಡಿಲಿಗೆ ಬೀಳಬೇಕಾಗುತ್ತದೆ. ಹೆಂಡತಿ ತಲೆ ಬಾಚಿ, ಅಂಗಿ ತೊಡಿಸಿ ಕೂರಿಸಿದರೆ ಸಂಜೆಯವರೆಗೂ ಜಗಲಿಯಲ್ಲಿ ಕೂತೇ ಇರುತ್ತಿದ್ದೆ. ಇನ್ನು ನನ್ನ ಕೆಲಸ ಮುಗಿಯಿತು ಎಂದೇ ಅಂದುಕೊಂಡಿದ್ದೆ.

ಆಗ ಭೂಮಿ ಹುಣ್ಣಿಮೆ ಹತ್ತಿರವಿತ್ತು. ಆ ದಿನ ಗದ್ದೆಗೆ ಎಡೆ ಒಯ್ಯುವ ಬುಟ್ಟಿಗೆ ಕೆಮ್ಮಣ್ಣು ಬಳಿದು, ಮನೆಯ ಹೆಂಗಸರು ಅದರ ಮೇಲೆ ಬಿಳಿ ಚಿತ್ತಾರ ಬರೆಯುತ್ತಾರೆ. ದೊಡ್ಡಮ್ಮನ ಮನೆಯವರ ಗದ್ದೆ ಆನಂದಪುರದ ಹತ್ತಿರ. ಬುಟ್ಟಿ ಬರೆಯುವುದು ಅವರದೇ ಕೆಲಸವಾಗಿತ್ತು. ಆಫೀಸಿಗೆ ಹೋಗುವ ಸೊಸೆಗೆ ಕಲಿಯಲು ಪುರುಸೊತ್ತಾಗಿರಲಿಲ್ಲ. ಆದರೆ ಆ ವರ್ಷ ಅವರ ಕೈ ನಡುಗತೊಡಗಿತ್ತು. ಚಹಾದ ಲೋಟ ಎತ್ತಿದರೆ ಅರ್ಧ ಸೀರೆಗೇ ಚೆಲ್ಲುತ್ತಿತ್ತು. ಒಂದು ಬೆಳಿಗ್ಗೆ ಬುಟ್ಟಿಯನ್ನು ಕಂಕುಳಲ್ಲಿಟ್ಟುಕೊಂಡು ನಮ್ಮ ಜಗಲಿಗೇ ಬಂದರು.

“ಏ ಕಂಡಕ್ಟ್ರಾ, ಸುಮ್ನೆ ಕುಂತು ಎಂತ ಮಾಡ್ತಿ? ಹಿಡಿ, ಗೆರೆ ಎಳಿ.”

“ದೊಡ್ಡಮ್ಮ, ಇದು ಹೆಂಗಸ್ರ ಕೆಲ್ಸ.”

“ಹೆಂಗ್ಸಿನ ಕೈ ನಡುಗ್ತಾ ಅದೆ, ಗಂಡ್ಸಿನ ಕೈ ಸುಮ್ನೆ ಬಿದ್ದದೆ. ಹುಣ್ಣಿಮೆ ನಮಗೋಸ್ಕರ ಕಾಯ್ತದಾ?”

ಪುಂಡಿ ನಾರಿನ ಕುಂಚವನ್ನು ನನ್ನ ಬೆರಳಿಗೆ ತುರುಕಿದರು. ಬುಟ್ಟಿ ನನ್ನ ಮಡಿಲಲ್ಲಿ, ಅವರು ಎದುರಿಗೆ. ಮೂರನೆಯ ಗೆರೆಯೇ ಹಾವಿನಂತೆ ಸೊಟ್ಟಗಾಯಿತು. ಒರೆಸಲು ಬಟ್ಟೆ ಎತ್ತಿಕೊಂಡೆ. ಅವರು ಕೈ ಹಿಡಿದು ನಿಲ್ಲಿಸಿದರು.

“ಒರಸಬ್ಯಾಡ. ಒರಸಿದ್ರೆ ಕೆಮ್ಮಣ್ಣೂ ಹೋಗ್ತದೆ. ಸೊಟ್ಟ ಆದಲ್ಲಿ ಒಂದು ಹಕ್ಕಿ ಕೂರ್ಸು. ನನ್ನ ಅವ್ವ ಹಂಗೇ ಮಾಡ್ತಿತ್ತು.”

ಆ ಸಲ ಬುಟ್ಟಿಯ ಮೇಲೆ ಹಕ್ಕಿಗಳದೇ ಸಂತೆ. ದೊಡ್ಡಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ನಿನ್ನ ಬಸ್ಸಿಗಿಂತ ರಶ್ಶು” ಎಂದು ನಕ್ಕರು. ಆಸ್ಪತ್ರೆಯಿಂದ ಬಂದ ಮೇಲೆ ನಾನು ಮನಸಾರೆ ನಕ್ಕಿದ್ದು ಅವತ್ತೇ.

ದೀಪಾವಳಿ ಕಳೆದು ಅವರ ಮೊಮ್ಮಗಳ ಮದುವೆ ಗೊತ್ತಾಯಿತು. ಈಗ ಬುಟ್ಟಿಯಲ್ಲ, ಗೋಡೆ. ಮದುಮಕ್ಕಳು ಕೂರುವ ಜಾಗದ ಹಿಂದೆ ಹಸೆ ಚಿತ್ತಾರ ಬರೆಯಬೇಕು. ದೊಡ್ಡಮ್ಮ ಮಣೆ ಹಾಕಿಕೊಂಡು ಕೂತು ಹೇಳುವರು, ನಾನು ಬರೆಯುವೆ. ದಿನಾ ಸ್ವಲ್ಪ ಸ್ವಲ್ಪ. ಕೆಳಗಿನ ಸಾಲುಗಳು ಸಲೀಸಾಗಿ ಬಂದವು. ಭುಜದ ಮಟ್ಟಕ್ಕೆ ಬಂದಾಗ ಒಳಗೆ ಏನೋ ಬಿಗಿದು ಹಿಡಿದಂತಾಗಿ ಬೆವೆತುಹೋದೆ. ಕುಂಚ ಕೆಳಗಿಟ್ಟೆ.

“ಇನ್ನು ಆಗಲ್ಲ ದೊಡ್ಡಮ್ಮ.”

ಅವರು ಬೈಯಲಿಲ್ಲ. ಎಲೆಯ ಚೀಲ ಬಿಚ್ಚಿಕೊಂಡು, “ಆತು ಬಿಡು. ನನ್ನ ಮೊಮ್ಮಗ್ಳಿಗೆ ಅರ್ಧ ಹಸೆ ಸಾಕು” ಎಂದರು. ಎಲೆಗೆ ಸುಣ್ಣ ಸವರುತ್ತ, ನನ್ನ ಮುಖ ನೋಡದೆ, “ಬಸ್ಸಲ್ಲಿ ಎಲ್ರಿಗೂ ಕೂಗ್ತೀಯಲ, ಮುಂದೆ ಹೋಗಿ, ಮುಂದೆ ಜಾಗ ಅದೆ ಅಂತ. ನಿನ್ನ ಕೈಗೂ ಒಂದ್ಸಲ ಹೇಳಿ ನೋಡು ಮಗಾ” ಎಂದರು.

ಅವರು ನನ್ನನ್ನು ಮಗಾ ಎಂದದ್ದು ಅದೇ ಮೊದಲು. ಮರುದಿನ ಮತ್ತೆ ಕುಂಚ ಹಿಡಿದೆ. ಎಡಗೈಯಿಂದ ಬಲ ಮೊಣಕೈಗೆ ಆಸರೆ ಕೊಟ್ಟು ಒಂದು ಗೇಣು ಮೇಲೆ ಹೋದೆ. ಪ್ಲೇಟು ಕಿತ್ತು ಬರಲಿಲ್ಲ. ಗೆರೆ ಮಾತ್ರ ಸೊಟ್ಟಗಾಯಿತು, ಹಕ್ಕಿ ಬಂತು. ಅದರಾಚೆಯ ದಿನ ಇನ್ನೊಂದು ಚೂರು ಮೇಲೆ. ಮದುವೆಗೆ ಮುಂಚೆ ನನ್ನ ಕೈ ತಲೆಯನ್ನು ದಾಟಿ ಹಸೆಯ ತುದಿಯನ್ನು ಮುಟ್ಟಿತು. ಅಲ್ಲೇ ನಿಂತು ಮಗುವಿನಂತೆ ಅತ್ತೆ. ದೊಡ್ಡಮ್ಮ, “ಗೋಡೆ ಒದ್ದೆ ಮಾಡಬ್ಯಾಡ, ಬಣ್ಣ ಹಸಿ ಅದೆ” ಎಂದರು. ಅವರ ಕಣ್ಣೂ ಒಣಗಿರಲಿಲ್ಲ.

ಡಾಕ್ಟರು ಒಪ್ಪಿದ ಮೇಲೆ ಕೆಲಸಕ್ಕೆ ಹೋದ ಮೊದಲ ದಿನ, ಹೊಸನಗರದಲ್ಲಿ ಏನೂ ಕೆಲಸವಿಲ್ಲದಿದ್ದರೂ ಅವರು ನಮ್ಮ ಬಸ್ಸು ಹತ್ತಿ ಕೂತರು. ದಾರಿಯುದ್ದಕ್ಕೂ ಅವರು ನೋಡಿದ್ದು ಕಿಟಕಿಯ ಹೊರಗಲ್ಲ, ಕಂಬಿ ಹಿಡಿದ ನನ್ನ ಕೈಯನ್ನು. ಇಳಿಯುವಾಗ ಇಷ್ಟೇ ಅಂದರು: “ನೆಟ್ಟಗೆ ಅದೆ.”

ಕಳೆದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಭೂಮಿ ಹುಣ್ಣಿಮೆಗೆ ಮೊದಲು ಸೊಸೆ ಅದೇ ಬುಟ್ಟಿ ತಂದು ನಮ್ಮ ಜಗಲಿಯಲ್ಲಿಟ್ಟರು. “ಅಣ್ಣ, ಅತ್ತೆ ಹೇಳಿ ಹೋಗಿದಾರೆ, ಬುಟ್ಟಿ ನೀವೇ ಬರೀಬೇಕಂತೆ. ನಾನು ಪಕ್ಕದಲ್ಲಿ ಕೂತು ಕಲೀಬೇಕಂತೆ.”

ಇಬ್ಬರೂ ಕೂತೆವು. ಈಗ ನನ್ನ ಕೈ ಪಳಗಿದೆ, ಭುಜ ನೋಯುವುದಿಲ್ಲ. ಒಂದೊಂದೇ ಗೆರೆ ನೆಟ್ಟಗೆ ಬಂತು. ಬುಟ್ಟಿ ಮುಗಿಯುತ್ತ ಬಂದರೂ ಎಲ್ಲೂ ತಪ್ಪಿರಲಿಲ್ಲ, ಹಾಗಾಗಿ ಎಲ್ಲೂ ಹಕ್ಕಿಗೆ ಜಾಗವೇ ಇರಲಿಲ್ಲ. ನನಗೆ ತಡೆಯಲಾಗಲಿಲ್ಲ. ಕೊನೆಯ ಗೆರೆಯನ್ನು ಬೇಕೆಂದೇ ಸೊಟ್ಟಗೆ ಎಳೆದೆ.

“ಅಯ್ಯೋ, ಒರೆಸ್ಲಾ ಅಣ್ಣ?” ಎಂದು ಸೊಸೆ ಬಟ್ಟೆ ಎತ್ತಿಕೊಂಡರು.

“ಒರೆಸ್ಬೇಡಿ” ಎಂದು ಕುಂಚವನ್ನು ಅವರ ಕೈಗೆ ಕೊಟ್ಟೆ. “ಅಲ್ಲೊಂದು ಹಕ್ಕಿ ಕೂರಿಸಿ.”