ಮೇ ತಿಂಗಳ ಸೊಗಡವರೆ

ಬೆಳಗಿನ ಐದೂವರೆ. ಬಾಣಸವಾಡಿಯ ಹಳೇ ಊರಿನ ಹಿಂಭಾಗದಲ್ಲಿ, ಒಂದು ಮದುವೆ ಮಂಟಪಕ್ಕೂ ಒಂದು ಅಪಾರ್ಟ್‌ಮೆಂಟಿಗೂ ನಡುವೆ ಸಿಕ್ಕಿಕೊಂಡ ಖಾಲಿ ಸೈಟಿನಲ್ಲಿ ಅಂಜಿನಮ್ಮ ಕುಕ್ಕರಗಾಲಲ್ಲಿ ಕೂತಿದ್ದಾರೆ. ಮೊಣಕಾಲೆತ್ತರದ ಅವರೆ ಗಿಡದ ಒಂದು ಕಾಯಿಯನ್ನು ಕೀಳದೆ, ಇದ್ದಲ್ಲೇ ಎರಡು ಬೆರಳಿನಿಂದ ಮೆಲ್ಲಗೆ ಉಜ್ಜುತ್ತಾರೆ. ಬೆರಳನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚುತ್ತಾರೆ. ಮುಖದಲ್ಲಿ ಏನೂ ಬದಲಾಗುವುದಿಲ್ಲ. ಪಕ್ಕದಲ್ಲಿಟ್ಟ ಬೂದಿಯಿಂದ ಬೆರಳು ತಿಕ್ಕಿ, ಚೊಂಬಿನ ನೀರಲ್ಲಿ ತೊಳೆದು, ಸೆರಗಿಗೆ ಒರೆಸಿಕೊಂಡು ಮುಂದಿನ ಗಿಡಕ್ಕೆ ಸರಿಯುತ್ತಾರೆ. ಮಂಟಪದಲ್ಲಿ ಆಗಲೇ ವಾಲಗ ಶುರುವಾಗಿದೆ. ಮೂರನೇ ಮಹಡಿಯ ಬಾಲ್ಕನಿಯಲ್ಲಿ ಒಬ್ಬರು ಹಲ್ಲುಜ್ಜುವುದನ್ನು ಮರೆತು ಇವರನ್ನೇ ನೋಡುತ್ತಿದ್ದಾರೆ.

"ಇದೂ ಬರೀ ಹುಲ್ಲು ವಾಸ್ನೆ," ಎನ್ನುತ್ತಾರೆ ಅಂಜಿನಮ್ಮ. ದನಿಯಲ್ಲಿ ಬೇಸರವಿಲ್ಲ. ಗಂಡು ನೋಡಲು ಹೋಗಿ ಒಪ್ಪಿಗೆಯಾಗದೆ ಬಂದವರ ಸಮಾಧಾನವಿದೆ.

ಅವರು ಹುಡುಕುತ್ತಿರುವುದು ಸೊಗಡನ್ನು. ಅವರೆಕಾಯಿಯ ಸೊಗಡು ಎಂದರೇನೆಂದು ಬೆಂಗಳೂರಿನ ಹಳಬರಿಗೆ ಹೇಳಬೇಕಿಲ್ಲ, ಹೊಸಬರಿಗೆ ಹೇಳಿ ಪ್ರಯೋಜನವಿಲ್ಲ. ಡಿಸೆಂಬರಿನಲ್ಲಿ ಬೀದಿಯ ಆ ತುದಿಯಲ್ಲಿ ಚೀಲ ಬಿಚ್ಚಿದರೆ ಈ ತುದಿಯ ಮನೆಯಲ್ಲಿ ಒಳಕಲ್ಲು ತೊಳೆಯಲು ಶುರುಮಾಡುವ ಹಾಗೆ ಮಾಡುವ ವಾಸನೆ ಅದು. ಸಿಪ್ಪೆಯ ಮೇಲೆ ಎಣ್ಣೆಯ ಹಾಗೆ ಅಂಟಿರುತ್ತದೆ, ಸೋಪಿಗೆ ಹೆದರುವುದಿಲ್ಲ. ಆದರೆ ಅದು ಚಳಿಗಾಲದ ಅತಿಥಿ. ಈಗ ವರ್ಷವಿಡೀ ಬಿಡುವ ಕುಳ್ಳು ಗಿಡದ ಅವರೆ ಬಂದಿದೆ ನಿಜ. ಮೇ ತಿಂಗಳಲ್ಲೂ ಮಾರುಕಟ್ಟೆಯಲ್ಲಿ ಸಿಗುತ್ತದೆ. ಅದಕ್ಕೆ ಸೊಗಡೊಂದು ಇರುವುದಿಲ್ಲ. ಅಂಜಿನಮ್ಮನ ಮಾತಿನಲ್ಲಿ ಅದು "ಹೆಸರಿಗೆ ಅವರೆ, ರುಚಿಗೆ ಅರ್ಜಿ ಹಾಕ್ಬೇಕು."

ಚಳಿಗಾಲದ ಸೊಗಡನ್ನು ಬೇಸಿಗೆಯ ಕುಳ್ಳು ಗಿಡಕ್ಕೆ ತರುವುದು ಇವರ ಕೆಲಸ. ಯಾರೂ ವಹಿಸಿದ್ದಲ್ಲ, ಇವರೇ ಹೊತ್ತುಕೊಂಡದ್ದು. ಅದಕ್ಕೊಂದು ಗಡುವೂ ಇದೆ. ಆಸ್ತಿ ಭಾಗವಾದಾಗ ಈ ಸೈಟು ಮೈದುನ ಮುನಿನಾರಾಯಣಪ್ಪನ ಪಾಲಿಗೆ ಹೋಯಿತು. ಪಕ್ಕದ ಮಂಟಪದವರು ಕಾರು ನಿಲ್ಲಿಸಲು ಜಾಗ ಕೊಡಿ ಎಂದು ಅವರ ಬೆನ್ನು ಬಿದ್ದಿದ್ದಾರೆ. ಮುನಿನಾರಾಯಣಪ್ಪ ಕೆಟ್ಟವರಲ್ಲ, ಅತ್ತಿಗೆಯ ಮೇಲೆ ಗೌರವವೂ ಇದೆ. ಆದರೆ ಅವರ ನಂಬಿಕೆಯೇ ಬೇರೆ. ಸೊಗಡು ಇಬ್ಬನಿಯಿಂದ ಬರುವುದು, ಬೀಜದಿಂದಲ್ಲ ಎಂದು ಅವರಪ್ಪ ಹೇಳಿದ್ದರು, ಅವರ ತಾತನೂ ಹೇಳಿದ್ದರು. ಇಬ್ಬನಿಯಿಲ್ಲದ ಬೇಸಿಗೆಯಲ್ಲಿ ಸೊಗಡು ಹುಡುಕುವುದು ಅವರ ದೃಷ್ಟಿಯಲ್ಲಿ ಮಸೀದಿಯಲ್ಲಿ ಪ್ರಸಾದ ಕೇಳಿದ ಹಾಗೆ.

"ಅತ್ಗೆ, ಈ ಬೇಸಿಗೇಲಿ ಒಂದೇ ಒಂದು ಗಿಡ ಸೊಗಡು ಬಿಟ್ರೂ ಜಾಗ ನಿಮ್ದೇ, ಏನಾದ್ರೂ ಬೆಳ್ಕೊಳಿ," ಎಂದಿದ್ದಾರಂತೆ. "ಬಿಡ್ಲಿಲ್ಲಾಂದ್ರೆ ಜೂನ್ ಬರ್ತಿದ್ದಂಗೆ ಜಲ್ಲಿ ಹೊಡೆಸ್ತೀನಿ. ಆಮೇಲೆ ಅಳ್ಬಾರ್ದು."

ಅಂಜಿನಮ್ಮನಿಗೆ ಅರವತ್ತರ ಆಸುಪಾಸು. ಹುಟ್ಟಿದ ದಿನ ಆಧಾರ್ ಕಾರ್ಡಿನವರು ಕೊಟ್ಟದ್ದು. ಶಾಲೆಯನ್ನು ನಾಲ್ಕನೇ ಕ್ಲಾಸಿಗೇ ಬಿಟ್ಟು ಹೊಲಕ್ಕೆ ಹೋದರು. ಹೊಲಗಳು ಲೇಔಟುಗಳಾದ ಮೇಲೆ ಕೆ.ಆರ್. ಪುರಂನಿಂದಾಚೆ ಇದ್ದ ಒಂದು ಬೀಜದ ಕಂಪನಿಯ ಗ್ರೀನ್‌ಹೌಸಿಗೆ ಸೇರಿದರು. ಅಲ್ಲಿನ ಹೆಂಗಸರು ಮಾಡುವ ಕೆಲಸಕ್ಕೆ 'ಕ್ರಾಸಿಂಗ್' ಎಂದೇ ಹೆಸರು. ನಾವು ಮಾರುಕಟ್ಟೆಯಲ್ಲಿ ಕೊಳ್ಳುವ ಎಷ್ಟೋ ಹೈಬ್ರಿಡ್ ಟೊಮೆಟೊ, ದೊಣ್ಣೆಮೆಣಸಿನಕಾಯಿಗಳ ಹಿಂದೆ ಇಂಥ ಬೆರಳುಗಳಿವೆ. ಬೀಜದ ಪ್ಯಾಕೆಟ್ಟಿನ ಮೇಲೆ ಕಾಯಿಯ ಫೋಟೋ ಇರುತ್ತದೆ, ಬೆರಳಿನದಲ್ಲ.

ಕೆಲಸ ತೋರಿಸಿ ಎಂದು ಕೇಳಿದರೆ ಅಂಜಿನಮ್ಮ ಕುಪ್ಪಸದಿಂದ ಚಿಮುಟ ತೆಗೆಯುತ್ತಾರೆ. ನಾಳೆ ಅರಳುವ ಮೊಗ್ಗನ್ನು ಇವತ್ತೇ ಸೀಳಿ ಒಳಗಿನ ಗಂಡು ಎಳೆಗಳನ್ನೆಲ್ಲ ಎತ್ತಿಬಿಡಬೇಕು. ಅವರೆಹೂ ಅರಳುವ ಮೊದಲೇ ತನ್ನನ್ನು ತಾನೇ ಮದುವೆಯಾಗಿಬಿಡುತ್ತದೆ, ಅದನ್ನು ತಡೆಯಬೇಕು. ಮರುದಿನ ಬೆಳಗ್ಗೆ ನಮಗೆ ಬೇಕಾದ ಗಿಡದ ಹೂವಿನ ಪುಡಿಯನ್ನು ಅದಕ್ಕೆ ಸವರಬೇಕು. ಹೆಣ್ಣಿನ ತುದಿಗೆ ಚಿಮುಟ ತಗುಲಿದರೆ ಹೂವೇ ಉದುರುತ್ತದೆ. ಹೇಳುವಷ್ಟರಲ್ಲಿ ಒಂದು ಮೊಗ್ಗು ಮುಗಿದಿರುತ್ತದೆ. "ಮೊದ್ಲ ವರ್ಷ ನಂದೂ ಎಲ್ಲಾ ಉದ್ರೋಯ್ತು. ಸೂಪರ್‌ವೈಸರ್ರು, ಏನಮ್ಮಾ ಹೂ ಬಿಡಿಸ್ತಿದೀಯೋ ಕೋಳಿ ತರೀತಿದೀಯೋ ಅಂದ್ರು," ಎಂದು ನಗುತ್ತಾರೆ. ಬಗ್ಗಿ ಬಗ್ಗಿ ಸೊಂಟ ಸೋತ ಮೇಲೆ ಕಂಪನಿ ಬಿಟ್ಟರು. ಚಿಮುಟ ಜೊತೆಗೆ ಬಂತು.

ಸೈಟಿನಲ್ಲಿ ಕೆಲಸ ಶುರುವಾದದ್ದು ಎರಡು ಚಳಿಗಾಲದ ಹಿಂದೆ. ಕುಳ್ಳು ಗಿಡವನ್ನು ತಾಯಿ ಮಾಡಿದರು. ಅತ್ತೆಯ ಕಾಲದಿಂದ ಬೂದಿ ಬೆರೆಸಿ ಗಡಿಗೆಯಲ್ಲಿಟ್ಟು ಉಳಿಸಿಕೊಂಡು ಬಂದ ಊರ ಸೊಗಡವರೆಯ ಬಳ್ಳಿಯನ್ನು ತಂದೆ ಮಾಡಿದರು. ಕ್ರಾಸ್ ಮಾಡಿದ ಪ್ರತಿ ಹೂವಿನ ತೊಟ್ಟಿಗೆ ಗುರುತಿಗೆಂದು ಒಂದೊಂದು ಕೆಂಪು ದಾರ. ದಾರ ಕಮರ್ಷಿಯಲ್ ಸ್ಟ್ರೀಟಿನ ಟೈಲರ್ ಅಂಗಡಿಯೊಂದರ ಕಸದ ಬುಟ್ಟಿಯದು.

ಎಡವಟ್ಟಾದದ್ದು ಇಲ್ಲಿಯೇ. ಎದುರು ಮನೆಯ ಮುನಿಲಕ್ಷ್ಮಮ್ಮ ದಿನವೂ ನೋಡುತ್ತಿದ್ದರು. ಸೂರ್ಯ ಹುಟ್ಟುವ ಮೊದಲು ಸ್ನಾನ ಮಾಡಿ, ಬರಿಗಾಲಲ್ಲಿ, ಯಾರ ಜೊತೆಯೂ ಮಾತಾಡದೆ ಅಂಜಿನಮ್ಮ ಗಿಡಗಳಿಗೆ ಕೆಂಪು ದಾರ ಕಟ್ಟುತ್ತಿದ್ದಾರೆ. ಇದಕ್ಕೆ ನಮ್ಮ ಕಡೆ ಒಂದೇ ಅರ್ಥ. ಮುನಿಲಕ್ಷ್ಮಮ್ಮನ ಮಗಳಿಗೆ ಗಂಡು ಕೂಡಿಬರುತ್ತಿರಲಿಲ್ಲ. ಹರಕೆಯನ್ನು ಬಾಯಿಬಿಟ್ಟು ಕೇಳಬಾರದು ಎಂಬ ಶಿಷ್ಟಾಚಾರ ಬೇರೆ. ಅವರು ಕೇಳಲಿಲ್ಲ. ಒಂದು ಮಂಗಳವಾರ ತಾವೂ ಒಂದು ಕೆಂಪು ದಾರ ತಂದು ಕಟ್ಟಿ, ಗಿಡಕ್ಕೆ ಅರಿಶಿನ ಕುಂಕುಮ ಇಟ್ಟು ಹೋದರು. ಅದನ್ನು ನೋಡಿದ ಇನ್ನೊಬ್ಬರು ಕಟ್ಟಿದರು. ಅಂಜಿನಮ್ಮ ಮದುವೆಯೊಂದಕ್ಕೆ ಹೊಸಕೋಟೆಗೆ ಹೋಗಿ ಬರುವಷ್ಟರಲ್ಲಿ ಸಾಲುಗಿಡಗಳೆಲ್ಲ ಕೆಂಪಾಗಿದ್ದವು. ಬುಡದಲ್ಲಿ ಊದುಬತ್ತಿ, ಒಂದು ಕಡೆ ಒಡೆದ ತೆಂಗಿನಕಾಯಿ.

"ಯಾವ್ದು ನಂದು, ಯಾವ್ದು ದೇವ್ರುದು ಅಂತ ನಂಗೇ ಗೊತ್ತಾಗ್ಲಿಲ್ಲ," ಎನ್ನುತ್ತಾರೆ ಅಂಜಿನಮ್ಮ. "ಕಿತ್ ಬಿಸಾಕೋಣ ಅಂದ್ರೆ ಹರಕೆ ದಾರ. ಯಾರ್ದೋ ಮಗು ಕಾಯ್ಲೆ ಇರ್ಬೋದು, ಕೀಳೋಕೆ ಕೈ ಬರುತ್ತಾ?"

ದಾರಿ ತೋರಿಸಿದವರು ನಂದಿತಾ. ಕಂಪನಿಯಲ್ಲಿ ತಳಿ ಅಭಿವೃದ್ಧಿ ವಿಭಾಗ ನೋಡಿಕೊಳ್ಳುತ್ತಿದ್ದವರು, ಈಗ ಇಂದಿರಾನಗರದಲ್ಲಿದ್ದಾರೆ. ಅಂಜಿನಮ್ಮ ಫೋನಿನಲ್ಲಿ ಗೋಳು ತೋಡಿಕೊಂಡಾಗ ಮೊದಲು ಅವರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಆಮೇಲೆ ಎಲ್ಲ ಬೀಜವನ್ನೂ ಬಿತ್ತಿಬಿಡಿ, ಗಿಡಗಳೇ ಬಾಯಿಬಿಡುತ್ತವೆ ಎಂದರು. ಲೆಕ್ಕ ಸರಳ. ತಾಯಿ ಕುಳ್ಳಿ. ತಾನೇ ತಾನಾಗಿ ಕಟ್ಟಿದ ಕಾಯಿಯ ಬೀಜ ಬಿತ್ತಿದರೆ ಮಕ್ಕಳೂ ಕುಳ್ಳೇ. ಬಳ್ಳಿಯ ಗುಣ ಮಾತ್ರ ಅಬ್ಬರದ್ದು. ಅಪ್ಪನಿಂದ ಬಂದರೆ ಮೊದಲ ಪೀಳಿಗೆಯಲ್ಲಿ ಅದೇ ಮೇಲುಗೈ. ಹಾಗಾಗಿ ಬಳ್ಳಿಯಾಗಿ ಹಬ್ಬಿದ್ದೆಲ್ಲ ಕ್ರಾಸಿನದು, ಕುಳ್ಳಾಗಿ ಉಳಿದದ್ದೆಲ್ಲ ಹರಕೆಯದು.

ಮಳೆಗಾಲಕ್ಕೆ ಬಿತ್ತಿದರು. ಹಾಗೆಯೇ ಆಯಿತು. ಸಾಲಿನ ನಡುವೆ ಅಲ್ಲೊಂದು ಇಲ್ಲೊಂದು ಬಳ್ಳಿ ಎದ್ದು ಕೋಲು ಹುಡುಕತೊಡಗಿತು. ಅಂಜಿನಮ್ಮ ಅವನ್ನು ಉಳಿಸಿಕೊಂಡು ಉಳಿದದ್ದನ್ನು ಹುಳಿಗೆ ಹಾಕಿದರು. ಇತ್ತ ಮುನಿಲಕ್ಷ್ಮಮ್ಮನ ಮಗಳಿಗೆ ಶ್ರಾವಣದಲ್ಲಿ ಗಂಡು ಗೊತ್ತಾಯಿತು. ಅದು ಬರೀ ಅವರೆಗಿಡ ಎಂದು ಈಗ ಯಾರು ಹೇಳಿದರೂ ಅವರು ನಂಬುವುದಿಲ್ಲ. ಗಿಡ ಮುಟ್ಟಬಾರದೆಂದು ಅಂಜಿನಮ್ಮ ಕೈಮುಗಿದು ಕೇಳಿಕೊಂಡ ಮೇಲೆ ದಾರಗಳು ಗೇಟಿಗೆ ವರ್ಗವಾಗಿವೆ.

ಬಳ್ಳಿಗಳು ಅಪ್ಪನ ಹಾಗೆಯೇ ಚಳಿಗಾಲದವರೆಗೂ ಕಾದು ಹೂ ಬಿಟ್ಟವು, ಕಾಯಲ್ಲಿ ಭರ್ಜರಿ ಸೊಗಡು. ಮುನಿನಾರಾಯಣಪ್ಪ ಬಂದು ನೋಡಿ, "ಇಷ್ಟು ಕಷ್ಟಪಟ್ಟು ನಮ್ಮಪ್ಪ ಬೆಳೀತಿದ್ದ ಅವರೇನೇ ಮಾಡಿದೀರಲ್ಲ ಅತ್ಗೆ," ಎಂದರು. ಅದಕ್ಕೆ ಅಂಜಿನಮ್ಮ ಕೊಟ್ಟ ಉತ್ತರವೇ ಇಡೀ ಶಾಸ್ತ್ರದ ಸಾರ: "ನಿಮ್ಮಪ್ಪ ಕುಳ್ಳು, ನೀನು ಉದ್ದ. ನಿನ್ ಮಗಳು ಯಾರ ಥರ ಇದಾಳೆ ನೋಡ್ಕೋ. ಕುಳ್ಳು ಎಲ್ಲೂ ಹೋಗಿಲ್ಲ ಕಣಪ್ಪಾ, ಒಳಗೆ ಬಚ್ಚಿಟ್ಕೊಂಡಿದೆ."

ಆ ಬಳ್ಳಿಗಳ ಬೀಜವನ್ನು ಫೆಬ್ರವರಿಯಲ್ಲಿ ಬಿತ್ತಿದರು. ನಾವು ಮೊದಲು ನೋಡಿದ್ದು ಆ ಮೊಮ್ಮಕ್ಕಳನ್ನು. ಬಚ್ಚಿಟ್ಟುಕೊಂಡಿದ್ದ ಕುಳ್ಳು ನಾಲ್ಕರಲ್ಲಿ ಒಂದರ ಹಾಗೆ ಹೊರಗೆ ಬಂದಿದೆ. ಆದರೆ ಕುಳ್ಳಾದರೆ ಸಾಲದು, ಬೇಸಿಗೆಯಲ್ಲಿ ಹೂ ಬಿಡಬೇಕು. ಹೂ ಬಿಟ್ಟರೆ ಸಾಲದು, ಸೊಗಡಿರಬೇಕು. ಮೂರೂ ಒಂದೇ ಗಿಡದಲ್ಲಿ ಕೂಡುವುದು ಅಪರೂಪ. ಉಳಿದ ಕಷ್ಟಗಳು ಊರಿನವು. ನೀರು ಅಪಾರ್ಟ್‌ಮೆಂಟಿನ ವಾಚ್‌ಮನ್ ಕೃಪೆ. ಮಂಟಪದ ಅಡುಗೆಯವರು ಕರಿಬೇವು ಹುಡುಕಿಕೊಂಡು ಬೇಲಿ ದಾಟುತ್ತಾರೆ. ಒಂದು ಮುಹೂರ್ತದ ದಿನ ಫೋಟೋಗ್ರಾಫರ್ ಮದುಮಕ್ಕಳನ್ನು ಅವರೆ ಸಾಲಿನಲ್ಲೇ ನಿಲ್ಲಿಸಿದ್ದ. ಮದುಮಗಳ ಸೀರೆ ಸೆರಗಿಗೆ ಸಿಕ್ಕಿ ಎರಡು ಗಿಡ ಹೋದವು. ಅಂಜಿನಮ್ಮ ಬೈಯಲಿಲ್ಲ, ಮುರಿದ ಗಿಡದ ಕಾಯಿಗಳ ವಾಸನೆ ಮಾತ್ರ ನೋಡಿದರು. ಇರಲಿಲ್ಲ. ಹಾಗಾಗಿ ಹರಸಿ ಕಳಿಸಿದರು.

ಮೇ ಮೂರನೇ ವಾರ ಅವರ ಫೋನು ಬರುತ್ತದೆ. ಬರ್ತೀರಾ, ಒಂದು ಗಿಡ ಇದೆ, ನಂಗೆ ನನ್ನ ಮೂಗಿನ ಮೇಲೆ ನಂಬಿಕೆ ಇಲ್ಲ ಎನ್ನುತ್ತಾರೆ.

ನಾವು ಹೋಗುವಷ್ಟರಲ್ಲಿ ಮುನಿನಾರಾಯಣಪ್ಪ ಪಂಚೆ ಎತ್ತಿಕಟ್ಟಿ ಗಿಡದ ಮುಂದೆ ಕೂತಿದ್ದಾರೆ. ಮಂಟಪದ ಗೋಡೆಯ ಪಕ್ಕದ ಸಣ್ಣ ಗಿಡ. ಅದರಲ್ಲಿ ಇರುವುದೇ ಒಂದಿಷ್ಟು ಕಾಯಿ. ಅವರು ಉಜ್ಜಿ ಮೂಸುತ್ತಾರೆ. ಎದ್ದು ಆಚೀಚೆ ಓಡಾಡಿ ಬಂದು ಮತ್ತೆ ಮೂಸುತ್ತಾರೆ. ಸೊಗಡೇನೋ ಇರುವ ಹಾಗಿದೆ, ಆದರೆ ಇದು ಅತ್ತಿಗೆಯ ಕೈಯಿಂದ ಅಂಟಿದ್ದಿರಬಹುದು ಎಂಬುದು ಅವರ ತೀರ್ಪು. ಮನೆಯವರ ಮೂಗು ಬೇಡ, ಮಾರ್ಕೆಟ್ಟಿನ ಮೂಗಿಗೆ ಕೊಡೋಣ ಎನ್ನುತ್ತಾರೆ.

ಅಂಜಿನಮ್ಮ ಮೊದಲ ಸಲ ಪೆಚ್ಚಾಗುವುದು ಇಲ್ಲಿ. ಹಸಿಕಾಯಿ ಕಿತ್ತರೆ ಅದರ ಬೀಜ ಹೋಯಿತು. ಒಣಗಲು ಬಿಟ್ಟರೆ ಮುಂದಿನ ಪೀಳಿಗೆ, ಕಿತ್ತರೆ ಸಾಕ್ಷಿ. ಬೀಜ ಉಳಿಸಿಕೊಂಡರೆ ಬಿತ್ತಲು ಜಾಗವಿಲ್ಲ, ಜಾಗ ಉಳಿಸಿಕೊಳ್ಳಲು ಬೀಜ ಕೊಡಬೇಕು. ಕೊನೆಗೆ ಬೂದಿಯಲ್ಲಿ ಕೈ ತಿಕ್ಕಿ ತೊಳೆದು, ಕೆಳಗಿನ ನಾಲ್ಕು ಕಾಯಿ ಕಿತ್ತು ಮೈದುನನ ಕೈಗೇ ಹಾಕುತ್ತಾರೆ. ತಾವು ಮತ್ತೆ ಮುಟ್ಟುವುದಿಲ್ಲ.

ಮೂವರೂ ಆಟೋ ಹತ್ತಿ ಶಿವಾಜಿನಗರಕ್ಕೆ ಹೊರಡುತ್ತೇವೆ. ಆಟೋ ತುಂಬ ವಾಸನೆ ಇದೆ. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ.

ರಸೆಲ್ ಮಾರುಕಟ್ಟೆಯಲ್ಲಿ ಮೊಹ್ಸಿನ್ ಅವರದ್ದು ಅಪ್ಪನ ಕಾಲದಿಂದ ತರಕಾರಿ ಅಂಗಡಿ. ಚಳಿಗಾಲವೆಲ್ಲ ಅವರೆಕಾಯಿಯ ರಾಶಿಯ ಮೇಲೇ ಕೂರುವ ಮನುಷ್ಯ. ಮುನಿನಾರಾಯಣಪ್ಪ ಏನೂ ಹೇಳದೆ ನಾಲ್ಕು ಕಾಯಿಯನ್ನು ತಕ್ಕಡಿಯಲ್ಲಿಟ್ಟು, ನೋಡಪ್ಪಾ ಹೇಗಿದೆ ಎಂದಷ್ಟೇ ಕೇಳುತ್ತಾರೆ. ಮೊಹ್ಸಿನ್ ಒಂದನ್ನೆತ್ತಿ ಉಗುರಿನಿಂದ ಗೀರಿ ಮೂಸುತ್ತಾರೆ. ಹುಬ್ಬು ಗಂಟಾಗುತ್ತದೆ.

"ಕ್ಯಾ ಸಾಬ್, ಡಿಸೆಂಬರ್ ಮಾಲು ಮೇ ತಿಂಗ್ಳಲ್ಲಿ ತಂದಿದೀರಾ," ಎನ್ನುತ್ತಾರೆ. "ಐಸಲ್ಲಿ ಇಟ್ಟಿದ್ದು ಅಲ್ವಾ ಇದು? ನಂಗೇ ಟೋಪಿ ಹಾಕ್ತೀರಾ? ಈ ಸೊಗಡು ಈಗ ಎಲ್ಲಿ ಬರುತ್ತೆ, ಚಳಿ ಬೇಕು ಅದಕ್ಕೆ, ಮಂಜು ಬೇಕು."

ಇಷ್ಟು ವರ್ಷ ತಾವು ಹೇಳುತ್ತಿದ್ದ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ ಮುನಿನಾರಾಯಣಪ್ಪನ ಮುಖ ಕೆಂಪಾಗುತ್ತದೆ. "ಯಾವ ಐಸ್ ರೀ? ನಮ್ಮ ಜಾಗದಲ್ಲಿ ಬೆಳೆದಿದ್ದು. ಇವತ್ತು ಬೆಳಿಗ್ಗೆ ನಾನೇ ಕೂತ್ಕೊಂಡು ಕೀಳಿಸಿದ್ದು. ಒಂದು ಹನಿ ಮಂಜಿಲ್ಲ. ಬೀಜದಲ್ಲೇ ಇದೆ ರೀ ಇದು, ಬೀಜದಲ್ಲಿ."

ಹೇಳಿ ಮುಗಿಸಿದ ಮೇಲೆ ತಾವು ಏನು ಹೇಳಿದೆವೆಂದು ಅವರಿಗೆ ಹೊಳೆಯುತ್ತದೆ. ಅಂಜಿನಮ್ಮ ಪಕ್ಕದ ಅಂಗಡಿಯ ಹೀರೇಕಾಯಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಾರೆ. ಮೊಹ್ಸಿನ್ ಮತ್ತೊಮ್ಮೆ ಮೂಸಿ, ಈ ಸಲ ಕಣ್ಣು ಮುಚ್ಚಿ, ಎಷ್ಟು ಮೂಟೆ ಇದೆ ಎಂದು ಕೇಳುತ್ತಾರೆ. ಇರುವುದು ಒಂದು ಗಿಡ ಎಂದಾಗ ನಕ್ಕು, ಕಾಯಿಗಳನ್ನು ವಾಪಸು ಕೊಡದೆ ಗಲ್ಲಾಪೆಟ್ಟಿಗೆಯ ಕೆಳಗೆ ಇಟ್ಟುಕೊಳ್ಳುತ್ತಾರೆ.

ಮುನಿನಾರಾಯಣಪ್ಪ ಸೋಲು ಒಪ್ಪಿಕೊಂಡರೆಂದು ಯಾರೂ ಬರೆಯುವ ಹಾಗಿಲ್ಲ. ವಾಪಸಾಗುವಾಗ ಆಟೋದಲ್ಲೇ ಮಂಟಪದ ಮ್ಯಾನೇಜರಿಗೆ ಫೋನ್ ಮಾಡಿ, ಈ ವರ್ಷ ಜಲ್ಲಿ ರೇಟು ಬಹಳ ಜಾಸ್ತಿಯಾಗಿದೆ, ಕಾರುಗಳಿಗೆ ಬೇರೆ ಕಡೆ ನೋಡಿಕೊಳ್ಳಿ ಎನ್ನುತ್ತಾರೆ. ಫೋನಿಟ್ಟು ಅತ್ತಿಗೆಯ ಕಡೆ ತಿರುಗದೆಯೇ, ಆ ಗಿಡಕ್ಕೆ ಇವತ್ತಿಂದ ಬೇಲಿ ಹಾಕಿಸ್ತೀನಿ ಎಂದು ಸೇರಿಸುತ್ತಾರೆ.

ಕೆಲಸ ಇನ್ನೂ ಮುಗಿದಿಲ್ಲ. ಈ ಗಿಡದ ಮಕ್ಕಳೆಲ್ಲ ತಾಯಿಯ ಹಾಗೆ ಇರುವುದಿಲ್ಲ. ಎಲ್ಲವೂ ಕುಳ್ಳೇ ಆದರೂ ಕೆಲವು ಸೊಗಡು ಕಳೆದುಕೊಳ್ಳುತ್ತವೆ, ಕೆಲವದರಲ್ಲಿ ಅದು ಅರೆಬರೆ ಉಳಿಯುತ್ತದೆ. ಗುಣ ನಿಲ್ಲಲು ಇನ್ನೂ ಕೆಲವು ಪೀಳಿಗೆ ಬೇಕೆಂದು ನಂದಿತಾ ಎಚ್ಚರಿಸಿದ್ದಾರೆ. ಅಷ್ಟು ವರ್ಷ ಬೆಳಗಾಗೆದ್ದು ಮೂಸುತ್ತಾ ಕೂರುವುದು ಯಾತಕ್ಕೆ, ಪೇಟೆಂಟಿಗೇ, ಹೆಸರಿಗೇ ಎಂದು ಕೇಳಿದರೆ ಅಂಜಿನಮ್ಮ ಮೊದಲು ಏನಿಲ್ಲ ಬಿಡಿ ಎನ್ನುತ್ತಾರೆ. ಆಮೇಲೆ ಜಗಲಿಯ ಮೇಲೆ ಪೇಪರು ಓದುತ್ತಿರುವ ಯಜಮಾನರ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸುತ್ತಾರೆ.

"ಮಗಳು ದಿವ್ಯ ಹೊಟ್ಟೇಲಿದ್ದಾಗ ಹಿಂಗೇ ಮೇ ತಿಂಗ್ಳು. ಸೊಗಡವರೇದು ಹಿತಕಿದ ಬೇಳೆ ಸಾರು ಬೇಕು ಅನ್ನಿಸ್ಬಿಡ್ತು. ಇವ್ರು ಪಾಪ ಸೈಕಲ್ ತಗೊಂಡು ಹಲಸೂರು, ರಸೆಲ್ ಮಾರ್ಕೆಟ್ಟು ಎಲ್ಲಾ ಸುತ್ತಿದ್ರು. ಸಂಜೆ ಖಾಲಿ ಚೀಲ ಹಿಡ್ಕೊಂಡು ಬಾಗ್ಲಲ್ಲಿ ನಿಂತಿದ್ರು, ಒಳಗೆ ಬರೋಕೇ ನಾಚ್ಕೆ. ನಾನು ಅವತ್ತು ಬೇರೆ ಏನೂ ತಿನ್ಲಿಲ್ಲ, ಹಟ ಮಾಡ್ದೆ. ಈಗ ನೆನ್ಸಿಕೊಂಡ್ರೆ ನಗು ಬರುತ್ತೆ." ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. "ಬಸ್ರಿ ಹೆಂಗ್ಸು ಯಾವ ತಿಂಗ್ಳಲ್ಲಿ ಸೊಗಡವರೆ ಕೇಳಿದ್ರೂ ಅವಳ ಗಂಡ ಬರಿಗೈಲಿ ಮನೆಗೆ ಬರ್ಬಾರ್ದು. ಅಷ್ಟಾದ್ರೆ ಸಾಕು ನಂಗೆ."