ಬಲೆ ಅಕ್ಕನ ನಂಬಿಕಸ್ಥ ಬಿಂದುಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗಣಿತ ವಿಭಾಗದ ಮೇಲಿನ ಮಹಡಿಯಲ್ಲಿ ಒಂದೇ ಒಂದು ಕೋಣೆಯ ದೀಪ ಉರಿಯುತ್ತಿದೆ. ನಲವತ್ತು ದಾಟಿದ ಮಹಿಳೆಯೊಬ್ಬರು ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಪರದೆಯ ಮೇಲಿನ ತ್ರಿಕೋನಗಳನ್ನು ಎಳೆದೆಳೆದು ಸರಿಪಡಿಸುತ್ತಿದ್ದಾರೆ. ಅಲ್ಲಿರುವುದು ಕೃತಕ ಪಾದವೊಂದರ ಸೀಳುನೋಟ, ಅಂದರೆ ಉದ್ದಕ್ಕೆ ಕತ್ತರಿಸಿದರೆ ಒಳಗು ಕಾಣುವ ಚಿತ್ರ.

“ಎಂಟಕ್ಕೆಲ್ಲ ಹುಡುಗರು ಬಂದುಬಿಡ್ತಾರೆ. ಆಮೇಲೆ ಎಲ್ಲರ ಲೆಕ್ಕಾನೂ ಇದರ ಮೇಲೇ, ಈ ಕಂಪ್ಯೂಟರ್ ನನ್ನ ಮಾತು ಕೇಳಲ್ಲ,” ಎಂದು ನಗುತ್ತಾರೆ.

ವಿಭಾಗದಲ್ಲಿ ಎಲ್ಲರಿಗೂ ಇವರು ‘ಬಲೆ ಅಕ್ಕ’. ಒಂದು ವಸ್ತುವಿನ ಮೇಲೆ ಎಲ್ಲಿ ಎಷ್ಟು ಒತ್ತಡ ಬೀಳುತ್ತದೆಂದು ತಿಳಿಯಲು ಅದನ್ನು ಪುಟ್ಟ ತ್ರಿಕೋನಗಳ ಬಲೆಯಾಗಿ ಒಡೆದು ಲೆಕ್ಕ ಹಾಕುವುದು ಫೈನೈಟ್ ಎಲಿಮೆಂಟ್ ವಿಧಾನ. ಬಲೆ ಸಣ್ಣದಾದಷ್ಟೂ ಉತ್ತರ ನಿಜಕ್ಕೆ ಹತ್ತಿರ, ಕಂಪ್ಯೂಟರಿಗೆ ಮಾತ್ರ ಹೊರೆ. ಆದರೆ ಬಲೆ ಸಣ್ಣದಾದಂತೆ ಕೆಲವು ಬಿಂದುಗಳಲ್ಲಿ ತಪ್ಪು ಉಳಿದ ಕಡೆಗಿಂತ ಬಲು ಬೇಗ ಕರಗುತ್ತದೆ. ಇದೇ ಸೂಪರ್‌ಕನ್ವರ್ಜೆನ್ಸ್. ಅಕ್ಕ ಹುಡುಕುವುದು ಆ ಬಿಂದುಗಳನ್ನೇ.

ಮೊದಲು ಇವರು ಶಾಲೆಯಲ್ಲಿ ಗಣಿತದ ಟೀಚರ್. ಅಣ್ಣ ಲಿಫ್ಟ್ ಮೆಕ್ಯಾನಿಕ್; ಅಪಘಾತದಲ್ಲಿ ಒಂದು ಕಾಲು ಹೋಯಿತು. ಹಾಕಿಸಿಕೊಂಡ ಕೃತಕ ಪಾದ ವರ್ಷ ತುಂಬುವ ಮೊದಲೇ ಮೆಟ್ಟಿಲ ಮೇಲೆ ಲಟಕ್ಕೆಂದು ಮುರಿಯಿತು.

“ಅಣ್ಣ ಬಿದ್ದ, ಏಟೇನೂ ಜಾಸ್ತಿ ಆಗ್ಲಿಲ್ಲ. ಆದ್ರೆ ಆಮೇಲೆ ಮೆಟ್ಟಿಲು ಕಂಡ್ರೆ ನಿಂತುಬಿಡೋನು. ಊರಿನ ಲಿಫ್ಟೆಲ್ಲ ರಿಪೇರಿ ಮಾಡ್ತಿದ್ದೋನು! ಅದು ನನ್ನಿಂದ ನೋಡೋಕಾಗ್ಲಿಲ್ಲ.”

ಮುರಿದ ಪಾದ ಹಿಡಿದು ಕೃತಕ ಕಾಲು ಮಾಡುವ ಮೇಸ್ತ್ರಿಯ ಬಳಿ ಹೋದರೆ, ಅವರು ಬುಟ್ಟಿ ತುಂಬ ಮುರಿದ ಪಾದಗಳನ್ನೇ ತೋರಿಸಿದರಂತೆ. ಎಲ್ಲದರಲ್ಲೂ ಹಿಮ್ಮಡಿಯ ತಿರುವಿನಲ್ಲಿ, ಪ್ಲಾಸ್ಟಿಕ್ಕಿನ ಒಳಗಿನಿಂದ ಹುಟ್ಟಿದ ಬಿರುಕು. “ಎಲ್ಲಿ ಅಂತ ಗೊತ್ತಮ್ಮ, ಎಷ್ಟು ದಪ್ಪ ಮಾಡಿದ್ರೆ ನಿಲ್ಲುತ್ತೆ ಅಂತ ಗೊತ್ತಿಲ್ಲ. ಸುಮ್ನೆ ದಪ್ಪ ಮಾಡಿದ್ರೆ ಭಾರ, ನಡೆಯೋರು ಬೈತಾರೆ,” ಎಂದರು ಮೇಸ್ತ್ರಿ.

ಆ ವರ್ಷವೇ ಅಕ್ಕ ಕೆಲಸ ಬಿಟ್ಟು ಸಂಶೋಧನೆಗೆ ಸೇರಿದರು. “ಸೊಸೆ ಈ ವಯಸ್ಸಲ್ಲಿ ಚೀಲ ಹಾಕ್ಕೊಂಡು ಕಾಲೇಜಿಗೆ ಹೊರಟ್ಲು,” ಎಂದು ಅತ್ತೆ ಅಕ್ಕಪಕ್ಕದವರೆದುರು ಗೊಣಗಿದರು. ಆ ಚೀಲಕ್ಕೆ ಊಟದ ಡಬ್ಬಿ ಇಡುವವರೂ ಅವರೇ.

ಎರಡು ವರ್ಷ ಕೈಗೆ ಏನೂ ಹತ್ತಲಿಲ್ಲ. ಚೊಕ್ಕ ಚೌಕದಲ್ಲಿ ಚೆನ್ನಾಗಿ ಬರುವ ಉತ್ತರ, ಹಿಮ್ಮಡಿಯ ತಿರುವಿಗೆ ಬಂದಾಗ ಕೈಕೊಡುತ್ತಿತ್ತು. ಅಲ್ಲಿ ತ್ರಿಕೋನಗಳು ಅಡ್ಡಾದಿಡ್ಡಿ. ಬಲೆ ಬದಲಿಸಿದಂತೆಲ್ಲ ಒತ್ತಡದ ಲೆಕ್ಕವೂ ಬದಲು. ಬಿಟ್ಟುಬಿಡುತ್ತೇನೆಂದು ಗೈಡ್ ಮೇಡಂ ಮುಂದೆ ಅತ್ತೇಬಿಟ್ಟರು.

“ಮೇಡಂ ಸಮಾಧಾನ ಮಾಡ್ಲಿಲ್ಲ. ‘ಇಡೀ ಪಾದ ಯಾಕೆ ತಲೆ ಮೇಲೆ ಹೊತ್ಕೋತೀಯ? ಬಿರುಕು ಹುಟ್ಟೋ ಜಾಗದ ಸುತ್ತ ಮಾತ್ರ ನೋಡು’ ಅಂದ್ರು.”

ಇಬ್ಬರೂ ಕೂತು ಆ ಒಂದು ಬಿಂದುವಿನ ಸುತ್ತಲಿನ ಬಲೆಯನ್ನು ಹೊಸದಾಗಿ ಹೆಣೆದರು. ಬಿಂದುವನ್ನು ನಡುವೆ ಇಟ್ಟು ಅರ್ಧ ಸುತ್ತು ತಿರುಗಿಸಿದರೆ ಬಲೆ ತನ್ನ ಮೇಲೆ ತಾನೇ ಸರಿಯಾಗಿ ಕೂರಬೇಕು. ಹಾಗಿದ್ದಾಗ, ಸುತ್ತಲಿನ ತ್ರಿಕೋನಗಳ ಉತ್ತರಗಳ ಸರಾಸರಿ ತೆಗೆದರೆ, ಎದುರುಬದುರು ಇರುವ ತಪ್ಪುಗಳ ದೊಡ್ಡ ಪಾಲು ಒಂದನ್ನೊಂದು ಅಳಿಸಿಹಾಕುತ್ತದೆ. ಜೊತೆಗೆ, ದೂರದ ಚೂಪು ಮೂಲೆಗಳಿಂದ ತಪ್ಪು ಹರಿದುಬರದಂತೆ ಆ ಮೂಲೆಗಳಲ್ಲಿ ಬಲೆಯನ್ನು ದಟ್ಟ ಮಾಡಿದರು. ಉತ್ತರ ಅಲುಗಾಡದೆ ನಿಂತಿತು.

ಮೇಸ್ತ್ರಿ ಆ ಲೆಕ್ಕದಂತೆ, ಸುಮ್ಮನೆ ದಪ್ಪ ಮಾಡುವ ಬದಲು, ತಿರುವನ್ನು ತುಸು ಅಗಲಿಸಿ ಹೊಸ ಅಚ್ಚು ಮಾಡಿದರು. ಅವರ ಕಾರ್ಖಾನೆಯಲ್ಲಿ ಪಾದವನ್ನು ಹಗಲಿಡೀ ನೆಲಕ್ಕೆ ತುಳಿಸುವ ಯಂತ್ರವಿದೆ. ಹಳೆಯ ಪಾದಗಳು ಮುರಿಯುತ್ತಿದ್ದ ಹೊತ್ತು ದಾಟಿ ವಾರಗಳಾದರೂ ಹೊಸದು ಜಗ್ಗಲಿಲ್ಲ. ಅದರ ಮೊದಲ ಜೊತೆ ಸಿಕ್ಕಿದ್ದು ಅಣ್ಣನಿಗೆ. “ಜೊತೆ ಅಲ್ಲ, ಮೊದಲ ಒಂಟಿ,” ಎಂದು ತಿದ್ದುತ್ತಾರೆ ಅಕ್ಕ. ಈಗ ಅಣ್ಣ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾರೆ.

ಮಾಡುವುದು ಇನ್ನೂ ಇದೆ. ಸೀಳುನೋಟಕ್ಕೆ ಒಪ್ಪಿದ ಲೆಕ್ಕವನ್ನು ಇಡೀ ಪಾದಕ್ಕೆ, ಮೂರು ಆಯಾಮಕ್ಕೆ ಹಿಗ್ಗಿಸಬೇಕು. ಮೊದಲ ಪ್ರಬಂಧ ಅಚ್ಚಾಗಿದೆ, ಓದಿದವರು ಬೆರಳೆಣಿಕೆ.

ಹೆಸರು ಬರಲಿಲ್ಲವೆಂಬ ಬೇಸರವಿಲ್ಲವೇ?

“ಕಾಲು ಹಾಕ್ಕೊಂಡೋರು ನನ್ನನ್ನ ಯಾಕೆ ನೆನಪಿಸ್ಕೋಬೇಕು ಹೇಳಿ?” ಅಕ್ಕ ಮತ್ತೆ ಪರದೆಯತ್ತ ತಿರುಗುತ್ತಾರೆ. “ಕಾಲು ಹಾಕ್ಕೊಂಡಿದೀವಿ ಅನ್ನೋದನ್ನೇ ಮರೆತು, ಹೊರಟ ಬಸ್ಸಿನ ಹಿಂದೆ ಓಡಿಬಿಡ್ಬೇಕು. ನನಗಷ್ಟೇ ಆಸೆ.”